ಗಾಳಿಮಳೆಗೆ ಮುಂಚೆ ಮನೆಯ ಸಿದ್ಧತೆ
(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮೈಸೂರು ಸೀಮೆಯ ಬಯಲು ಪ್ರಾಂತ್ಯದಲ್ಲಿ ಅಶ್ವಿನಿ ಮಳೆಯಿಂದ ಕೃತ್ತಿಕೆ ಮಳೆಯವರೆಗೆ, ಎಂದರೆ ಏಪ್ರಿಲ್ ಮಧ್ಯದಿಂದ ಮೇ ತಿಂಗಳ ಕೊನೆಯ ವಾರದವರೆಗೆ ಬೀಳುವ ಮಳೆಯು ಉಳುಮೆಗೂ ಎಳ್ಳಿನ ಬಿತ್ತನೆಗೂ ಬಹಳ ಉಪಕಾರಿಯಾದುದು. ಆದರೆ ಅದು ಸೌಮ್ಯವಾಗಿ ಬರುವ ಮಳೆಯಲ್ಲ. ಕಾದ ನೆಲದಿಂದ ಮೇಲೆದ್ದ ಬಿಸಿಗಾಳಿಯು ಮಧ್ಯಾಹ್ನದ ಮೇಲೆ ಮೋಡವಾಗಿ ಕಟ್ಟಿ, ಬಿರುಗಾಳಿ, ಸಿಡಿಲು, ಕೆಲವು ವೇಳೆ ಆಲಿಕಲ್ಲುಗಳೊಡನೆ ಎರಗುವುದು. ಮೋಡ ಕಂಡ ಮೇಲೆ ಸಿದ್ಧತೆಗೆ ಅರ್ಧ ಗಂಟೆಯ ಅವಕಾಶವೂ ದೊರೆಯದಿರಬಹುದು. ಆದುದರಿಂದ ಯುಗಾದಿ ಹಬ್ಬವಾದೊಡನೆಯೇ ಈ ಕೆಲಸಗಳನ್ನು ಮುಗಿಸುವುದು ವಿವೇಕ.

೧. ಮನೆ ಮತ್ತು ಕೊಟ್ಟಿಗೆ.— ಸಡಿಲವಾದ ಹೆಂಚುಗಳನ್ನು ಸರಿಪಡಿಸಿ, ತಗಡುಗಳನ್ನು ತೊಲೆಗೆ ಭದ್ರವಾಗಿ ಬಿಗಿಯತಕ್ಕದ್ದು. ಸೂರಿನ ನೀರು ಮಣ್ಣಿನ ಗೋಡೆಯ ಬುಡದಲ್ಲಿ ನಿಲ್ಲದಂತೆ ಕಾಲುವೆ ತೆಗೆಯತಕ್ಕದ್ದು. ಬುಡ ನೆನೆದ ಗೋಡೆಯು ಮಳೆ ನಿಂತ ಮೇಲೆಯೂ ಕುಸಿಯಬಲ್ಲದು. ಮನೆಯ ಮೇಲೆ ಬಾಗಿದ ಒಣಕೊಂಬೆಗಳನ್ನು ಕಡಿಸಬೇಕು. ಹಗೇವು ಉಳ್ಳವರು ಅದರ ಬಾಯಿಗೆ ಮಣ್ಣನ್ನು ಏರಿಸಿ ನೀರು ಹೊರಕ್ಕೆ ಹರಿಯುವಂತೆ ಮಾಡಬೇಕು. ಬಿತ್ತನೆಯ ಬೀಜವನ್ನು ಅಟ್ಟದ ಮೇಲೆ ಇಡಬೇಕು.

೨. ಸಿಡಿಲು.— ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ೩ ಸೆಕೆಂಡು ಬೇಕಾಗುವುದು. ಮಿಂಚು ಕಂಡ ೩೦ ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ೧೦ ಕಿಲೋಮೀಟರಿನೊಳಗಿದೆಯೆಂದು ತಿಳಿದು, ಹೊಲದಲ್ಲಿರುವವರು ಕೂಡಲೆ ಮನೆ ಸೇರಬೇಕು. ಕೊನೆಯ ಗುಡುಗಿನ ನಂತರ ೩೦ ನಿಮಿಷ ಕಳೆಯುವವರೆಗೂ ಹೊರಡಬಾರದು. ಮರದಡಿಯಲ್ಲಿ ನಿಲ್ಲುವುದು ಅತ್ಯಂತ ಅಪಾಯಕರ. ಸಿಡಿಲಿನ ಶಕ್ತಿಯು ಮರದ ಬುಡದಿಂದ ನೆಲದಲ್ಲಿ ಸುತ್ತಲೂ ಹರಡುವುದು. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಾದುದರಿಂದ ಅದು ಒಂದು ಕಾಲಿನಿಂದ ಹೊಕ್ಕು ದೇಹದ ಮೂಲಕ ಇನ್ನೊಂದರಿಂದ ಹೊರಡುವುದು. ಒಂದೇ ಮರದ ಕೆಳಗೆ ಅನೇಕ ದನಗಳು ಒಟ್ಟಿಗೆ ಸಾಯುವುದಕ್ಕೆ ಇದೇ ಕಾರಣ. ಆದುದರಿಂದ ದನಗಳನ್ನು ಮರಕ್ಕಾಗಲಿ ತಂತಿಬೇಲಿಯ ಪಕ್ಕದಲ್ಲಾಗಲಿ ಕಟ್ಟಕೂಡದು.

೩. ವಿದ್ಯುತ್ ತಂತಿ.— ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಈಗ ತಂತಿಯು ಹಳ್ಳಿಯ ಹೊಲಗಳ ಮೇಲೂ ಹಾದುಹೋಗಿದೆ. ಹರಿದು ಬಿದ್ದ ತಂತಿಯಲ್ಲಿ ದೀಪವಾರಿದ ಮೇಲೂ ಶಕ್ತಿಯಿರಬಹುದು. ಅದರ ಬಳಿಗೆ ಮಕ್ಕಳನ್ನೂ ದನಗಳನ್ನೂ ಬಿಡದೆ, ದೂರದಲ್ಲಿ ಕಾವಲಿರಿಸಿ, ೧೯೧೨ ಎಂಬ ದೂರವಾಣಿ ಸಂಖ್ಯೆಗೆ ತಿಳಿಸತಕ್ಕದ್ದು.

ಇಲ್ಲಿ ಒಂದು ಭೇದವನ್ನು ಸರ್ವರೂ ಮನಸ್ಸಿನಲ್ಲಿಡಬೇಕು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಅವನನ್ನು ಮುಟ್ಟಬಹುದು. ತಂತಿಗೆ ತಗಲಿಕೊಂಡವನನ್ನಾದರೋ ಶಕ್ತಿಯನ್ನು ನಿಲ್ಲಿಸುವವರೆಗೂ ಮುಟ್ಟಕೂಡದು. ಈ ಭೇದವನ್ನರಿಯದೆ, ಬದುಕಿಸಬಹುದಾದವನನ್ನು ಹೆದರಿ ಬಿಡುವುದೂ, ಬಿಡಿಸಹೋದವನು ತಾನೂ ಸಾಯುವುದೂ ಉಂಟು. ಎಚ್ಚರವಿಲ್ಲದೆ ಉಸಿರು ನಿಂತಿದ್ದರೆ ಎದೆಯ ನಡುವೆ ಎರಡು ಕೈಗಳಿಂದ ನಿಮಿಷಕ್ಕೆ ೧೦೦ರಿಂದ ೧೨೦ ಸಲ ಬಲವಾಗಿ ಒತ್ತುತ್ತಾ, ಇನ್ನೊಬ್ಬರಿಂದ ೧೦೮ಕ್ಕೆ ಕರೆ ಮಾಡಿಸಬೇಕು.

೪. ದೀಪ ಮತ್ತು ನೀರು.— ವಿದ್ಯುತ್ತು ನಿಂತರೆ ಪಂಪೂ ನಿಲ್ಲುವುದು. ಆದುದರಿಂದ ಮೋಡದ ದಿನಗಳಲ್ಲಿ ಕುಡಿಯುವ ನೀರನ್ನು ತುಂಬಿ ಮುಚ್ಚಿಡಬೇಕು. ಬ್ಯಾಟರಿ ದೀಪ, ಬೆಂಕಿಪೊಟ್ಟಣ, ನಿತ್ಯದ ಔಷಧ, ಪಹಣಿ ಮೊದಲಾದ ಕಾಗದಪತ್ರಗಳು ಕತ್ತಲೆಯಲ್ಲಿಯೂ ಕೈಗೆ ಸಿಕ್ಕುವಂತೆ ಒಂದೆಡೆ ಇರಲಿ. ಮಳೆಯ ನೀರು ಹೊಕ್ಕ ಬಾವಿಯ ನೀರನ್ನು ಕುದಿಸದೆ ಕುಡಿಯಬಾರದು.

೫. ಮುಖಂಡರ ಕರ್ತವ್ಯ.— ಒಂಟಿಯಾಗಿರುವ ವೃದ್ಧರು, ಬಾಣಂತಿಯರು, ಗೋಡೆ ಬಿರಿದ ಮನೆಗಳವರು ಯಾರೆಂಬುದನ್ನು ಊರ ಹಿರಿಯರು ಮೊದಲೇ ಗುರುತಿಸಿ, ಅವರು ಯಾರ ಮನೆಗೆ ಹೋಗಬೇಕೆಂಬುದನ್ನು ಗೊತ್ತುಮಾಡಬೇಕು.

ಮಳೆ ಬೀಳುವ ಮುಂಚೆಯೇ ಬೀಜವನ್ನೂ ನೇಗಿಲನ್ನೂ ಒದಗಿಸಿಕೊಳ್ಳುವ ರೈತನಿಗೆ ಇದು ಹೊಸ ಬುದ್ಧಿಯೇನಲ್ಲ. ಹೊಲಕ್ಕೆ ತೋರುವ ಮುಂದಾಲೋಚನೆಯನ್ನು ಮನೆಗೂ ತೋರಿದರೆ ಪ್ರಾಣಹಾನಿಯು ಬಹುಮಟ್ಟಿಗೆ ತಪ್ಪುವುದು.