ನಗೆ ಮತ್ತು ಮುಖಭಂಗ

ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಕಲಿಸಿದವನು ನಾನು. ತರಗತಿಯನ್ನು ನಗಿಸಬಲ್ಲ ಅಧ್ಯಾಪಕನೆಂಬ ಹೆಸರು ನನಗಿತ್ತು. ಆ ಹೆಸರಿನ ಬಗೆಗೆ ಒಂದಿಷ್ಟು ಹೆಮ್ಮೆಯೂ ಇತ್ತು. ಒಮ್ಮೆ ಹಳ್ಳಿಯಿಂದ ಬಂದ ಹುಡುಗನೊಬ್ಬ ಒಂದು ಇಂಗ್ಲಿಷ್ ಪದವನ್ನು ತಪ್ಪಾಗಿ ಉಚ್ಚರಿಸಿದ. ನಾನು ಅದನ್ನು ಹಾಗೆಯೇ ಅನುಕರಿಸಿ ತೋರಿಸಿದೆ. ತರಗತಿಗೆ ತರಗತಿಯೇ ನಕ್ಕಿತು. ಆ ಹುಡುಗನೂ ನಕ್ಕ. ಅವನೂ ನಕ್ಕದ್ದರಿಂದ ನಾನು ನಿಶ್ಚಿಂತನಾದೆ. ಆದರೆ ಆ ವರ್ಷವೆಲ್ಲ ಅವನು ನನ್ನ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಅವನ ನಗೆಯ ಅರ್ಥ ನನಗೆ ಹೊಳೆದದ್ದು ಬಹಳ ಕಾಲದ ಮೇಲೆ, ಚೀನೀಯರ ಹಾಸ್ಯವನ್ನು ಅನುವಾದಗಳ ಮೂಲಕ ಓದತೊಡಗಿದಾಗ. ಚೀನಾ ಮತ್ತು ಪಶ್ಚಿಮ, ಈ ಎರಡು ಕಡೆಯ ನಗೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಇಂದಿನ ನನ್ನ ಉದ್ದೇಶ.

ಇಬ್ಬರು ಮಹಾಪುರುಷರನ್ನು ಕಂಡು ಜನ ನಕ್ಕ ಪ್ರಸಂಗಗಳಿಂದ ಆರಂಭಿಸೋಣ. ಕ್ರಿಸ್ತಪೂರ್ವ 423ರಲ್ಲಿ ಅಥೆನ್ಸಿನ ಉತ್ಸವವೊಂದರಲ್ಲಿ ಅರಿಸ್ಟೋಫನೀಸನ ‘ಮೋಡಗಳು’ ಎಂಬ ಪ್ರಹಸನವನ್ನು ಆಡಿದರು. ಬದುಕಿದ್ದ ಸಾಕ್ರಟೀಸನನ್ನೇ, ಅವನ ಹೆಸರಿನಲ್ಲೇ, ಬುಟ್ಟಿಯೊಂದರಲ್ಲಿ ತೂಗಾಡುವ ತಲೆತಿರುಕ ಗುರುವಾಗಿ ಅದರಲ್ಲಿ ಚಿತ್ರಿಸಲಾಗಿತ್ತು. ಸಾಕ್ರಟೀಸ್ ಪ್ರೇಕ್ಷಕರ ನಡುವೆ ಎದ್ದು ನಿಂತು, ತಾನೇ ಆ ಮನುಷ್ಯನೆಂದು ಎಲ್ಲರಿಗೂ ಕಾಣಿಸಿಕೊಂಡನೆಂದು ಒಂದು ಹಳೆಯ ಕಥೆಯುಂಟು. ಇಪ್ಪತ್ತನಾಲ್ಕು ವರ್ಷಗಳ ಮೇಲೆ ಅವನು ಪ್ರಾಣಾಪಾಯದ ವಿಚಾರಣೆಯನ್ನು ಎದುರಿಸಬೇಕಾಯಿತು. ತನ್ನ ವಿಷಯದಲ್ಲಿ ಜನರ ಮನಸ್ಸು ಕೆಡಲು ಆ ಪ್ರಹಸನವೂ ಕಾರಣವೆಂದು ಅವನು ನ್ಯಾಯಸಭೆಯಲ್ಲಿ ಹೇಳಿದನೆಂದು ಪ್ಲೇಟೋ ಬರೆದಿದ್ದಾನೆ.

ಇನ್ನೊಂದು ಪ್ರಸಂಗ ಕನ್‌ಫ್ಯೂಷಿಯಸನದು. ಚೆಂಗ್ ರಾಜ್ಯದಲ್ಲಿ ಶಿಷ್ಯರಿಂದ ಅಗಲಿ ಅವನು ಒಂಟಿಯಾಗಿ ನಿಂತಿದ್ದ. ಅವನನ್ನು ಕಂಡವನೊಬ್ಬ, ಆ ಮುದುಕ ಯಜಮಾನನಿಲ್ಲದ ಮನೆಯ ನಾಯಿಯಂತಿದ್ದಾನೆ ಎಂದು ಶಿಷ್ಯನಿಗೆ ಹೇಳಿದ. ಶಿಷ್ಯ ಅದನ್ನು ಮುಚ್ಚಿಡದೆ ಗುರುವಿಗೆ ಒಪ್ಪಿಸಿದ. ಗುರು ಕೋಪಗೊಳ್ಳಲಿಲ್ಲ, ನಾಯಿಯ ಹೋಲಿಕೆ ನಿಜವೆಂದು ಮನಸಾರೆ ನಕ್ಕ.

ಈ ಕಥೆಯನ್ನು ದಾಖಲಿಸಿದವನು ಕ್ರಿಸ್ತಪೂರ್ವ ಮೊದಲ ಶತಮಾನದ ಹೊತ್ತಿಗೆ ಚೀನಾದ ಬೃಹತ್ ಇತಿಹಾಸವನ್ನು ರಚಿಸಿದ ಸೀಮಾ ಚಿಯೆನ್. ರಾಜರಿಗೂ ಸೇನಾನಿಗಳಿಗೂ ಮೀಸಲಾಗಬಹುದಾಗಿದ್ದ ಆ ಗ್ರಂಥದಲ್ಲಿ ಅವನು ವಿದೂಷಕರಿಗೂ ಒಂದು ಅಧ್ಯಾಯವನ್ನು ಕೊಟ್ಟಿದ್ದಾನೆ. ಅಲ್ಲಿ ಬರುವ ಒಬ್ಬ ಕುಳ್ಳ ನಟನ ಹೆಸರು ಯೂ ಚಾನ್. ಚಿನ್ ವಂಶದ ಎರಡನೆಯ ಚಕ್ರವರ್ತಿಗೆ ರಾಜಧಾನಿಯ ಕೋಟೆಗೋಡೆಗೆಲ್ಲ ಅರಗಿನ ಮೆರುಗು ಬಳಿಸಬೇಕೆಂಬ ಹುಚ್ಚು ಹತ್ತಿತು. ಯೂ ಚಾನ್ ಬೇಡವೆನ್ನಲಿಲ್ಲ. ಇದು ಭೇಷಾದ ಯೋಚನೆ, ಪ್ರಜೆಗಳಿಗೆ ಖರ್ಚಿನ ಸಂಕಟವಾದರೂ ಗೋಡೆ ಥಳಥಳಿಸುವುದು, ಹತ್ತಬಂದ ಶತ್ರು ಜಾರಿಬೀಳುವನು ಎಂದು ಹೊಗಳಿದ. ತೊಡಕು ಒಂದೇ: ಬಳಿದ ಮೆರುಗು ನೆರಳಿನಲ್ಲಿ ಒಣಗಬೇಕು, ಅಷ್ಟು ದೊಡ್ಡ ಗೋಡೆಯನ್ನು ಒಳಗಿಟ್ಟು ಒಣಗಿಸಲು ಕೊಠಡಿಯೊಂದನ್ನು ಎಲ್ಲಿಂದ ತರುವುದು? ಚಕ್ರವರ್ತಿ ನಕ್ಕ, ಆ ಕೆಲಸವನ್ನು ಕೈಬಿಟ್ಟ. ತೆನಾಲಿ ರಾಮಕೃಷ್ಣನ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಜಾಣ್ಮೆ ಅಪರಿಚಿತವಲ್ಲ. ಅರಸನ ತಪ್ಪನ್ನು ತೋರಿಸಬೇಕು. ಆದರೆ ತುಂಬಿದ ಸಭೆಯಲ್ಲಿ ಅವನಿಗೆ ಮುಖಭಂಗವಾಗಬಾರದು. ಹಿಂದೆ ಸರಿಯಲು ಅವನಿಗೊಂದು ಬಾಗಿಲನ್ನು ತೆರೆದಿಡಬೇಕು. ನಗೆಯೇ ಆ ಬಾಗಿಲು.

ಸೀಮಾ ಚಿಯೆನ್ ಇಂಥವರನ್ನು ಏಕೆ ಅಷ್ಟು ಗೌರವಿಸಿದ? ಸೋತ ಸೇನಾನಿಯೊಬ್ಬನ ಪರವಾಗಿ ತನ್ನ ಚಕ್ರವರ್ತಿಯ ಎದುರು ಅವನು ನೇರವಾಗಿ ಮಾತನಾಡಿದ್ದ. ಅದಕ್ಕಾಗಿ ಪುರುಷತ್ವವನ್ನೇ ಕಳೆಯುವ ಘೋರ ಶಿಕ್ಷೆಯನ್ನು ಅನುಭವಿಸಿದ್ದ. ನೇರವಾದ ಮಾತಿನ ಬೆಲೆ ಅವನ ಮೈಗೇ ಗೊತ್ತಿತ್ತು.

ಚೀನೀಯರಲ್ಲಿ ‘ಮುಖ’ವೆಂದರೆ ಕಣ್ಣು ಮೂಗು ಮಾತ್ರವಲ್ಲ, ನಾಲ್ಕು ಜನರ ನಡುವೆ ಮನುಷ್ಯನಿಗಿರುವ ಮಾನ. ‘ಮುಖಭಂಗ’ವೆಂಬ ಪದವಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಶ್ಚಿಮದ ಪ್ರಹಸನ ಈ ಮುಖವನ್ನು ಎಲ್ಲರೆದುರು ಕಳಚುವುದರಲ್ಲಿ ಸಂತೋಷಪಡುತ್ತದೆ. ಅನ್ಯರ ಕೊರತೆಯನ್ನು ಕಂಡಾಗ ನಮ್ಮ ಮೇಲ್ಮೆ ಥಟ್ಟನೆ ಅರಿವಾಗುತ್ತದೆ, ನಗೆ ಹುಟ್ಟುವುದು ಆಗಲೇ ಎಂದು ಹದಿನೇಳನೆಯ ಶತಮಾನದ ಹಾಬ್ಸ್ ಸಿದ್ಧಾಂತಿಸಿದ. ಪಶ್ಚಿಮದಲ್ಲಿ ಮೃದುವಾದ ಹಾಸ್ಯವೂ ಉಂಟು, ಚೀನಾದಲ್ಲಿ ಕಟುವಾದ ವಿಡಂಬನೆಯೂ ಉಂಟು. ನಾನು ಹೇಳುತ್ತಿರುವುದು ಒಲವಿನ ಮಾತು, ನಿಯಮವಲ್ಲ.

ಒಂದೇ ನಗೆಹನಿ ಎರಡೂ ಕಡೆ ಸಿಕ್ಕಿದರೆ ಈ ಒಲವು ಸ್ಪಷ್ಟವಾದೀತು. ಅಂಥದೊಂದು ಇದೆ. ಬೀಜಿಂಗಿನಲ್ಲಿ ‘ಷಿಯಾಂಗ್‌ಷೆಂಗ್’ ಎಂಬ ಕಲೆಯುಂಟು. ಇಬ್ಬರು ನಿಂತು ಸಂಭಾಷಣೆಯಿಂದಲೇ ನಗಿಸುತ್ತಾರೆ. ಒಬ್ಬ ಕೆಣಕುವವನು, ಇನ್ನೊಬ್ಬ ಹೂಂಗುಟ್ಟುತ್ತ ಮಾತಿಗೆ ಆನಿಕೆ ಕೊಡುವವನು. ಈ ಕಲೆಯ ಮಹಾನ್ ಕಲಾವಿದ ಹೌ ಬಾವೋಲಿನ್ 1993ರಲ್ಲಿ ತೀರಿಕೊಂಡರು. ಅವರ ಪ್ರಸಿದ್ಧ ತುಣುಕೊಂದರಲ್ಲಿ ಇಬ್ಬರು ಕುಡುಕರು ತಮಗೆ ಅಮಲೇರಿಲ್ಲವೆಂದು ಪಂಥ ಕಟ್ಟುತ್ತಾರೆ. ಒಬ್ಬ ಟಾರ್ಚನ್ನು ಹೊತ್ತಿಸಿ ಬೆಳಕಿನ ಕಂಬವನ್ನು ಹತ್ತು ನೋಡೋಣ ಎನ್ನುತ್ತಾನೆ. ಇನ್ನೊಬ್ಬ ಬಿಲ್ಕುಲ್ ಒಪ್ಪುವುದಿಲ್ಲ: ಅರ್ಧ ಹತ್ತಿದಾಗ ನೀನು ಆರಿಸಿಬಿಟ್ಟರೆ ನಾನು ಬೀಳುವುದಿಲ್ಲವೆ? ಇದೇ ನಗೆಹನಿ 1988ರಲ್ಲಿ ಬಂದ ‘ದಿ ಕಿಲ್ಲಿಂಗ್ ಜೋಕ್’ ಎಂಬ ಬ್ಯಾಟ್‌ಮ್ಯಾನ್ ಚಿತ್ರಕಥೆಯ ಕೊನೆಯಲ್ಲೂ ಇದೆ. ಅಲ್ಲಿ ಕುಡುಕರಿಲ್ಲ, ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಳ್ಳುವ ಇಬ್ಬರು ಹುಚ್ಚರಿದ್ದಾರೆ. ಹೇಳುವವನು ಕೊಲೆಗಾರ, ಕೇಳುವವನು ಅವನ ವೈರಿ. ಬೀಜಿಂಗಿನ ಕುಡುಕ ತನ್ನಿಂದಾಗದು ಎನ್ನಲಾರದೆ ಮುಖ ಉಳಿಸಿಕೊಳ್ಳುವ ನೆಪ ಹೂಡುತ್ತಾನೆ; ನಾವು ಅವನನ್ನು ಬಲ್ಲೆವು, ಅವನು ನಮ್ಮ ಪಕ್ಕದ ಮನೆಯವನು. ಪಶ್ಚಿಮದ ಕಥೆಯಲ್ಲಿ ಕೈ ಚಾಚಿದವನನ್ನೂ ನಂಬಲಾರದ ಒಂಟಿತನ ಕಾಣುತ್ತದೆ. ನಕ್ಕ ಮೇಲೆ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಮುಖ ಉಳಿಸುವ ನಗೆಯೇ ಶ್ರೇಷ್ಠವೆ? ಚೀನೀಯರೇ ಈ ಬಗೆಗೆ ಜಗಳವಾಡಿದ್ದಾರೆ. ಲಿನ್ ಯುಟಾಂಗ್ 1924ರಲ್ಲಿ ಇಂಗ್ಲಿಷಿನ ‘ಹ್ಯೂಮರ್’ ಪದವನ್ನು ‘ಯೌಮೋ’ ಎಂದು ಚೀನೀ ಭಾಷೆಗೆ ತಂದರು. 1932ರಲ್ಲಿ ಷಾಂಘೈಯಲ್ಲಿ ಹಾಸ್ಯಕ್ಕಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಆ ವರ್ಷದ ಆರಂಭದಲ್ಲೇ ಆ ನಗರದ ಮೇಲೆ ಜಪಾನೀಯರ ಬಾಂಬುಗಳು ಬಿದ್ದಿದ್ದವು. ಕಟುಕನ ಕ್ರೌರ್ಯವನ್ನು ನಗೆಯಲ್ಲಿ ಕರಗಿಸಿಬಿಡುವ ಹಾಸ್ಯ ಯಾರಿಗೆ ಬೇಕು ಎಂಬ ಅರ್ಥದಲ್ಲಿ ಲು ಷುನ್ ಮರುವರ್ಷ ಬರೆದರು. ಇಬ್ಬರ ಮಾತಿನಲ್ಲೂ ತಥ್ಯವಿದೆ. ದೊರೆಯ ಮುಖವನ್ನು ಸದಾ ಕಾಯುವ ನಗೆ ಕ್ರಮೇಣ ದೊರೆಯ ಸೇವಕನಾದೀತು.

ಕಾಯದ ನಗೆಗೆ ದಂಡ ತಪ್ಪಿದ್ದಲ್ಲ, ಅದು ಎಲ್ಲಿಯೇ ಆಗಲಿ. ಲೆನ್ನಿ ಬ್ರೂಸ್ ಎಂಬ ಹಾಸ್ಯಗಾರ ಅಶ್ಲೀಲವಾಗಿ ಮಾತನಾಡಿದನೆಂದು 1964ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪಿತ್ತಿತು. 1966ರಲ್ಲಿ ಅವನು ಸತ್ತ. ಕ್ಷಮಾದಾನ ಬಂದದ್ದು 2003ರಲ್ಲಿ. ಬೀಜಿಂಗಿನಲ್ಲಿ 2023ರಲ್ಲಿ ಹಾಸ್ಯಗಾರನೊಬ್ಬ ತಾನು ಸಾಕಿದ ಎರಡು ಬೀದಿನಾಯಿಗಳ ಉತ್ಸಾಹವನ್ನು ಬಣ್ಣಿಸುತ್ತ ಸೈನ್ಯದ ಘೋಷವಾಕ್ಯವೊಂದನ್ನು ಬಳಸಿದ. ಅವನ ಸಂಸ್ಥೆಗೆ ದಂಡ, ಮುಟ್ಟುಗೋಲು ಎಲ್ಲ ಸೇರಿ ಸುಮಾರು 1 ಕೋಟಿ 47 ಲಕ್ಷ ಯುವಾನ್ ಹೊರೆ ಬಿತ್ತು. ನಾಯಿಯ ಹೋಲಿಕೆಗೆ ಮನಸಾರೆ ನಕ್ಕ ಕನ್‌ಫ್ಯೂಷಿಯಸನ ನೆನಪು ನನಗೆ ಆಗ ಬಂತು.

ಈಗ ನನ್ನ ತರಗತಿಯ ಆ ಹುಡುಗನಿಗೆ ಮರಳುತ್ತೇನೆ. ಅವನು ನಕ್ಕದ್ದು ಸಂತೋಷದಿಂದಲ್ಲ. ತನ್ನ ಮುಖವನ್ನು ಉಳಿಸಿಕೊಳ್ಳಲು ನಕ್ಕ. ಅಧ್ಯಾಪಕನಾದ ನನ್ನ ಮುಖವನ್ನು ಉಳಿಸಲೂ ನಕ್ಕ. ಸೀಮಾ ಚಿಯೆನ್ ಆಗಲಿ ಲೆನ್ನಿ ಬ್ರೂಸ್ ಆಗಲಿ ತಮಗಿಂತ ಬಲ್ಲಿದರ ಎದುರು ಬಾಯಿ ತೆರೆದರು, ಬೆಲೆಯನ್ನು ತಾವೇ ತೆತ್ತರು. ನಾನು ನನಗಿಂತ ಎಳೆಯನೊಬ್ಬನನ್ನು ಆಡಿಕೊಂಡು ನಗಿಸಿದೆ. ಬೆಲೆಯನ್ನು ಅವನು ತೆತ್ತ. ನಗೆ ಪೂರ್ವದ್ದೋ ಪಶ್ಚಿಮದ್ದೋ ಎಂದು ಕೇಳುವ ಮೊದಲು ಅದರ ಲೆಕ್ಕವನ್ನು ಯಾರು ತೀರಿಸುತ್ತಿದ್ದಾರೆ ಎಂದು ಕೇಳುವುದು ಲೇಸೆಂದು ಈಗ ನನಗೆ ತೋರುತ್ತದೆ. ಅವನು ಎಲ್ಲಿದ್ದಾನೋ ತಿಳಿಯದು. ಎಲ್ಲಾದರೂ ಈ ಮಾತು ಅವನ ಕಿವಿಗೆ ಬಿದ್ದರೆ, ಈ ಸಲ ನಗಬೇಕಾದವನು ಅವನು, ನಗೆಗೀಡಾಗಬೇಕಾದವನು ನಾನು.

(ಬಾನುಲಿ ಭಾಷಣ)