ಆಮೇಲೆ ತಿಳಿಯುವ ದೇವರು

ಕಳೆದ ಮಳೆಗಾಲದ ಒಂದು ಸಂಜೆ. ಕೆಲಸದ ಜಾಗದಲ್ಲಿ ಮಾತಿಗೆ ಮಾತು ಬೆಳೆದು, ಮುಖ ಊದಿಸಿಕೊಂಡು ಮನೆಗೆ ಬರ್ತಿದ್ದೆ. ದಾರಿಯಲ್ಲೇ ಜೋರು ಮಳೆ. ಬೆಳಿಗ್ಗೆ ಒಣಹಾಕಿದ ಬಟ್ಟೆ ನೆನಪಾಯ್ತು. ಅದೂ ಹೋಯ್ತು ಅಂದುಕೊಂಡೆ. ಬಂದು ನೋಡಿದರೆ ತಂತಿ ಖಾಲಿ. ಜಗಲಿಯ ಕುರ್ಚಿ ಮೇಲೆ ಎಲ್ಲ ಮಡಚಿ ಇಟ್ಟಿದೆ, ಮೇಲೆ ಕ್ಲಿಪ್ಪುಗಳ ಡಬ್ಬ. ಪಕ್ಕದ ಮನೆಯವರ ಕೆಲಸ. ನಾನು ಬಟ್ಟೆ ಎತ್ತಿಕೊಂಡು ಒಳಗೆ ಹೋದೆ, ಸಿಟ್ಟು ಮುಂದುವರಿಸಿದೆ. ರಾತ್ರಿ ದೀಪ ಆರಿಸಿದ ಮೇಲೆ ಆ ಮಡಿಕೆಗಳು ಕಣ್ಣಿಗೆ ಕಟ್ಟಿದವು. ಅಂಗಿಯ ತೋಳನ್ನೂ ಒಳಗೆ ಮಡಚಿದ್ದರು!

ದೇವರು ಹತ್ತಿರ ಇದ್ದಾನೆ ಅಂತ ತಿಳಿಯೋದು ಹೇಗೆ ಅಂತ ತುಂಬಾ ಜನ ಕೇಳ್ತಾರೆ. ನನಗೆ ಕಂಡದ್ದು ಇಷ್ಟು: ಬಹಳ ಸಲ ಆಗಲೇ ತಿಳಿಯೋದಿಲ್ಲ, ಆಮೇಲೆ ತಿಳಿಯುತ್ತೆ.

ಲೂಕನ ಸುವಾರ್ತೆಯ 24ನೇ ಅಧ್ಯಾಯ ನೋಡಿ. ಯೇಸು ಸಾವಿನಿಂದ ಎದ್ದುಬಂದ ದಿನವೇ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಎಮ್ಮಾಹುವಿಗೆ ಹೊರಟಿದ್ದಾರೆ. ಸುಮಾರು 11 ಕಿಲೋಮೀಟರ್ ನಡಿಗೆ. ಯೇಸುವೇ ಜೊತೆಯಾಗ್ತಾನೆ, ಗುರುತು ಹತ್ತಲ್ಲ. ಶಾಸ್ತ್ರ ಬಿಡಿಸಿ ಹೇಳಿದರೂ ಹತ್ತಲ್ಲ. ಹೊತ್ತು ಮುಳುಗ್ತಿದೆ, ಇಲ್ಲೇ ಉಳಿಯಿರಿ ಅಂತ ಬಲವಂತ ಮಾಡ್ತಾರೆ. ಊಟಕ್ಕೆ ಕೂತು ಅವನು ರೊಟ್ಟಿ ಮುರಿದಾಗ ತಿಳಿಯುತ್ತೆ. ಅಷ್ಟರಲ್ಲಿ ಅವನು ಕಣ್ಮರೆ. ದಾರಿಯುದ್ದಕ್ಕೂ ಎದೆಯಲ್ಲಿ ಏನೋ ಉರಿಯುತ್ತಿತ್ತು ಅನ್ನೋದು ಅವರಿಗೆ ಹೊಳೆದದ್ದು ಆಮೇಲೆ.

ಪ್ರವಾದಿ ಎಲೀಯನ ಕಥೆಯೂ ಹಾಗೇ. ರಾಣಿ ಈಜೆಬೆಲಳಿಗೆ ಹೆದರಿ ಓಡಿದವನು, ಸಾಕು, ನನ್ನ ಪ್ರಾಣ ತೆಗೆ ಅಂತ ಕಾಡುಗಿಡದ ನೆರಳಲ್ಲಿ ಮಲಗಿಬಿಟ್ಟ. ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಏಳು, ಊಟ ಮಾಡು ಅಂದ. ನೋಡಿದರೆ ಕೆಂಡದಲ್ಲಿ ಸುಟ್ಟ ರೊಟ್ಟಿ, ಪಕ್ಕದಲ್ಲಿ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಇನ್ನೊಮ್ಮೆ ಎಬ್ಬಿಸಿ ಉಣ್ಣಿಸಿದ. ಹೋರೇಬ್ ಬೆಟ್ಟದ ಬಿರುಗಾಳಿ, ಭೂಕಂಪ, ಬೆಂಕಿ, ಕೊನೆಗೆ ದೇವರ ಮೆಲುದನಿ, ಇವೆಲ್ಲ 40 ದಿನದ ಪ್ರಯಾಣದ ಆಚೆ. ನಮಗೆ ಮೆಲುದನಿ ನೆನಪಿದೆ, ರೊಟ್ಟಿ ಮರೆತುಹೋಗಿದೆ.

ಹಾಗಂತ ಕಂಡದ್ದೆಲ್ಲ ದೇವರ ಸೂಚನೆ ಅಲ್ಲ. ಸಿಗ್ನಲ್ ಹಸಿರಾಯ್ತು, ಗಡಿಯಾರದಲ್ಲಿ 11:11 ಕಂಡಿತು ಅನ್ನೋದು ಶಕುನದ ಲೆಕ್ಕ. ಹಾಗಾದರೆ ಒರೆಗಲ್ಲು ಯಾವುದು?

1521ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಒಬ್ಬ ಯೋಧನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ಅವನೇ ಲೊಯೋಲದ ಇಗ್ನೇಷಿಯಸ್. ತಿಂಗಳುಗಟ್ಟಲೆ ಹಾಸಿಗೆ. ಶೌರ್ಯ, ಪ್ರಣಯದ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಮನಸ್ಸು ಒಣಒಣ. ಕ್ರಿಸ್ತನ, ಸಂತರ ಬದುಕನ್ನು ಯೋಚಿಸಿದರೆ ಆಮೇಲೂ ಸಮಾಧಾನ ಉಳಿಯುತ್ತಿತ್ತು. ತಿನ್ನುವಾಗಿನ ರುಚಿಗಿಂತ ಬಾಯಲ್ಲಿ ಉಳಿಯುವ ರುಚಿ ಮುಖ್ಯ ಅಂತ ಅವನಿಗೆ ತಿಳಿಯಿತು. ಮುಂದೆ ಅವನು ಬರೆದ ಆಧ್ಯಾತ್ಮಿಕ ಸಾಧನೆಯ ಕೈಪಿಡಿಗೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ದಿನವನ್ನು ತಿರುಗಿ ನೋಡುವ ಒಂದು ಪ್ರಾರ್ಥನೆ ಅದರಲ್ಲಿದೆ.

ಇವತ್ತು ರಾತ್ರಿ ಹತ್ತು ನಿಮಿಷ ಆ ಪ್ರಾರ್ಥನೆ ಮಾಡಿ ನೋಡಿ. ಮೊದಲು ಕೃತಜ್ಞತೆ. ನಮ್ಮ ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕರು ಸೆಪ್ಟೆಂಬರ್ 8ರ ತೆನೆ ಹಬ್ಬ ಮೊಂತಿ ಫೆಸ್ತ್‌ನಲ್ಲಿ, ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ತಂದು, ಹೊಸ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ, ಹಂಚಿಕೊಂಡ ಮೇಲೆ ಊಟಕ್ಕೆ ಕೂರ್ತಾರಲ್ಲ, ಹಾಗೆ. ಎರಡನೆಯದು, ಸರಿಯಾಗಿ ಕಾಣುವ ಬೆಳಕು ಕೊಡು ಅಂತ ಬೇಡಿ. ಮೂರನೆಯದು, ಬೆಳಿಗ್ಗೆಯಿಂದ ಗಂಟೆ ಗಂಟೆ ತಿರುವಿ ಹಾಕಿ: ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು? ನಾಲ್ಕನೆಯದು, ತಪ್ಪಿಗೆ ಕ್ಷಮೆ ಕೇಳಿ. ಐದನೆಯದು, ನಾಳೆ ತಿದ್ದಿಕೊಳ್ಳುವ ಒಂದೇ ಒಂದು ಕೆಲಸ ಆರಿಸಿ. ಕೆಲವು ದಿನ ಏನೂ ಕಾಣಲ್ಲ. ಪರವಾಗಿಲ್ಲ, ಎಮ್ಮಾಹುವಿನ ದಾರಿಯಲ್ಲೂ ಏನೂ ಕಂಡಿರಲಿಲ್ಲ.

ಆ ಮಳೆಯ ರಾತ್ರಿ ನಾನು ಆರಿಸಿದ ಕೆಲಸ ಪಕ್ಕದ ಮನೆಗೆ ಹೋಗೋದು. ಮರುದಿನ ಹೋಗಿ ಥ್ಯಾಂಕ್ಸ್ ಹೇಳಿದೆ. ಅವರಿಗೆ ಏನಂತ ಅರ್ಥವಾಗಲು ಒಂದು ಕ್ಷಣ ಬೇಕಾಯ್ತು. "ಮಳೆ ಬಂತಲ್ಲ, ಅದಕ್ಕೆ" ಅಂದರು.