ಆ ಫೋಟೋ ಈಗ ಎಲ್ಲುಂಟು?
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಹತ್ತೂವರೆಗೆ ಸಭೆ ಸೇರುವುದು ನಮ್ಮ ಸಂಘಕ್ಕೆ ಹೊಸದಲ್ಲ. ಹೋಟೆಲು ಮುಚ್ಚಿ, ಪಾತ್ರೆ ತೊಳೆದು, ಲೆಕ್ಕ ಒಪ್ಪಿಸಿ ಬರುವವರಿಗೆ ಇದಕ್ಕಿಂತ ಮುಂಚೆ ಬಿಡುವೆಲ್ಲಿ? ಬೆಳಗಿನ ನಾಲ್ಕಕ್ಕೆ ಗ್ರೈಂಡರಿನ ಮುಂದೆ ನಿಲ್ಲಬೇಕಾದವರೂ ಇಲ್ಲಿ ಕುಳಿತಿದ್ದಾರೆ. ಆದುದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

ಕಳೆದ ತಿಂಗಳು ನಮ್ಮ ಸದಸ್ಯನೊಬ್ಬ, ಉಡುಪಿ ಕಡೆಯ ಹುಡುಗ, ಸಪ್ಲೈ ಕೆಲಸ ಮುಗಿಸಿ ಹನ್ನೆರಡು ಗಂಟೆಗೆ ರೂಮಿಗೆ ನಡೆದು ಹೋಗುತ್ತಿದ್ದ. ಗಸ್ತಿನವರು ನಿಲ್ಲಿಸಿದರು. ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ ಫೋನು ಎತ್ತಿ ಅವನ ಮುಖದ ಚಿತ್ರ ಹಿಡಿದು, ಸ್ವಲ್ಪ ಹೊತ್ತು ಪರದೆ ನೋಡಿ, "ಪೋ" ಎಂದರು. ಅಷ್ಟೇ. ಹೊಡೆಯಲಿಲ್ಲ, ಬಯ್ಯಲಿಲ್ಲ. ಮರುದಿನ ಅವನು ಸಂಘಕ್ಕೆ ಬಂದು ಕೇಳಿದ್ದು ಒಂದೇ ಮಾತು: "ಅಣ್ಣಾ, ಆ ಫೋಟೋ ಈಗ ಎಲ್ಲುಂಟು?" ಅವನಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಈ ರಾತ್ರಿ ನಾವು ಆಡುವ ಮಾತೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಮುಖ ಗುರುತಿಸುವ ಯಂತ್ರವೆಂದರೆ ಮಾಯೆಯಲ್ಲ. ಹಳೆಯ ಸಪ್ಲೈಯರ್ ಹೊಸ್ತಿಲು ದಾಟಿದ ಗಿರಾಕಿಯನ್ನು ಕಂಡೊಡನೆ 'ಎರಡು ಇಡ್ಲಿ, ಸಕ್ಕರೆ ಇಲ್ಲದ ಕಾಫಿ' ಎಂದು ಒಳಗೆ ಕೂಗುವುದಿಲ್ಲವೇ? ಅದೂ ಗುರುತೇ. ಯಂತ್ರ ಕಣ್ಣು, ಮೂಗು, ಗದ್ದಗಳ ಅಂತರ ಅಳತೆಗಳನ್ನು ಅಂಕಿಗಳಾಗಿ ಮಾಡಿ, ತನ್ನಲ್ಲಿರುವ ಲಕ್ಷಗಟ್ಟಲೆ ಚಿತ್ರಗಳ ಅಂಕಿಗಳೊಡನೆ ಹೋಲಿಸುತ್ತದೆ. 'ಇವನೇ ಅವನು' ಎಂದು ಅದು ಎಂದೂ ಹೇಳುವುದಿಲ್ಲ. 'ಇಷ್ಟು ಪಾಲು ಹೋಲುತ್ತಾನೆ' ಎಂದಷ್ಟೇ ಹೇಳುತ್ತದೆ. ಎಷ್ಟು ಪಾಲು ಹೋತರೆ ಸಾಕು ಎಂದು ನಿಶ್ಚಯಿಸುವವರು ಮನುಷ್ಯರು. ದೆಹಲಿಯ ಪೋಲೀಸರು ನೂರಕ್ಕೆ 80 ಹೋತರೆ ಸಾಕೆಂದು ಇಟ್ಟುಕೊಂಡಿರುವುದು 2022ರಲ್ಲಿ ಮಾಹಿತಿ ಹಕ್ಕಿನ ಉತ್ತರದಿಂದ ಹೊರಬಂತು. ಗಿರಾಕಿಯನ್ನು ತಪ್ಪು ಗುರುತಿಸಿದರೆ ಒಂದು ಲೋಟ ಕಾಫಿ ನಷ್ಟ. ಇಲ್ಲಿಯ ನಷ್ಟ ಬೇರೆ.

ಚೆನ್ನೈಯ ಮಾತಿಗೆ ಬರೋಣ. 2017ರಲ್ಲಿ ತ್ಯಾಗರಾಯನಗರದ ಪೋಲೀಸರು 'ಫೇಸ್‌ಟ್ಯಾಗರ್' ಎಂಬ ಆಪನ್ನು ಬಳಸತೊಡಗಿದರು. 2021ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ಇಡೀ ತಮಿಳುನಾಡಿನ ಪೋಲೀಸರಿಗಾಗಿ ಮುಖ ಗುರುತಿಸುವ ಪೋರ್ಟಲನ್ನು ಆರಂಭಿಸಿದರು. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಮಾಡಿಕೊಟ್ಟದ್ದು. ಬೀದಿಯ ಪೇದೆಯೂ ತನ್ನ ಫೋನಿನಿಂದ ಅದನ್ನು ಕೇಳಬಹುದು. ಕ್ಯಾಮರಾಗಳ ಮಾತಂತೂ ಹೇಳಬೇಕಾಗಿಲ್ಲ. ಚದರ ಕಿಲೋಮೀಟರಿಗೆ 657 ಕ್ಯಾಮರಾಗಳಿದ್ದು ಚೆನ್ನೈಯೇ ಲೋಕದಲ್ಲಿ ಮೊದಲು ಎಂದು 2020ರಲ್ಲಿ ಒಂದು ಖಾಸಗಿ ಕಂಪನಿ ಎಣಿಸಿತು. ಅವುಗಳಲ್ಲಿ ಎಷ್ಟೋ ಅಂಗಡಿಯವರವು, ನಮ್ಮ ಹೋಟೆಲಿನ ಗಲ್ಲಾದ ಮೇಲಿನವು.

ಇದರಿಂದ ಒಳಿತೇ ಇಲ್ಲವೆಂದು ನಾವು ಹೇಳುವುದಿಲ್ಲ. 2018ರಲ್ಲಿ ದೆಹಲಿಯಲ್ಲಿ ಕಾಣೆಯಾದ ಮಕ್ಕಳಲ್ಲಿ ಸುಮಾರು 3 ಸಾವಿರ ಮಕ್ಕಳ ಗುರುತನ್ನು ನಾಲ್ಕೇ ದಿನದಲ್ಲಿ ಹಿಡಿದೆವೆಂದು ಪತ್ರಿಕೆಗಳಲ್ಲಿ ಬಂತು. ಇಂಥ ಯಂತ್ರ ಹಿಂದೆ ಇದ್ದಿದ್ದರೆ, ಮನೆ ಬಿಟ್ಟು ಓಡಿ ಬಂದು ಹೋಟೆಲು ಸೇರಿದ ನಮ್ಮ ಹಿರಿಯರಲ್ಲಿ ಅರ್ಧ ಜನ ಹದಿನೈದನೆಯ ದಿನವೇ ಊರಲ್ಲಿರುತ್ತಿದ್ದರು! ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಅದೇ ಪೋಲೀಸರು ಹೈಕೋರ್ಟಿನ ಮುಂದೆ ಯಂತ್ರದ ಗುರುತು ಸರಿಯಾಗುವುದು ನೂರಕ್ಕೆ 2 ಎಂದರು. ಮರುವರ್ಷ ಕೇಂದ್ರದ ಇಲಾಖೆ ಅದು ನೂರಕ್ಕೆ ಒಂದಕ್ಕೂ ಕಡಿಮೆಯೆಂದೂ, ಗಂಡು ಮಗು ಹೆಣ್ಣು ಮಗುವಿನ ಭೇದವೂ ಯಂತ್ರಕ್ಕೆ ತಿಳಿಯುತ್ತಿಲ್ಲವೆಂದೂ ಅರಿಕೆ ಮಾಡಿತು.

ತಪ್ಪಾದರೆ ಏನಾಗುತ್ತದೆ? ಅಮೆರಿಕದ ಡೆಟ್ರಾಯಿಟಿನ ಪೋಲೀಸರು 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ಗೃಹಸ್ಥನನ್ನು ಹೆಂಡತಿ ಮಕ್ಕಳ ಕಣ್ಣೆದುರಿಗೇ ಬೇಡಿ ಹಾಕಿ ಒಯ್ದರು. ಗಡಿಯಾರ ಕದ್ದವನ ಚಿತ್ರಕ್ಕೆ ಅವನ ಮುಖ ಹೋಲುತ್ತದೆಂದು ಯಂತ್ರ ಹೇಳಿತ್ತು. ಸುಮಾರು 30 ಗಂಟೆ ಲಾಕಪ್ಪು. ಅವನು ವ್ಯಾಜ್ಯ ಹೂಡಿದ. 2024ರಲ್ಲಿ ರಾಜಿಯಾಗಿ, ಬರಿಯ ಯಂತ್ರದ ಮಾತಿನ ಮೇಲೆ ಯಾರನ್ನೂ ಹಿಡಿಯುವುದಿಲ್ಲವೆಂದು ಅಲ್ಲಿಯ ಪೋಲೀಸರು ಒಪ್ಪಿಕೊಂಡರು. ನಮ್ಮ ದೇಶದಲ್ಲಿ, ತೆಲಂಗಾಣದ ಮೇದಕಿನಲ್ಲಿ, 2023ರಲ್ಲಿ ಸರ ಕಿತ್ತವನೆಂದು ಕ್ಯಾಮರಾ ಚಿತ್ರದ ಹೋಲಿಕೆಯಿಂದ ಒಬ್ಬ ಕೂಲಿಕಾರನನ್ನು ಹಿಡಿದರು. ಠಾಣೆಯಲ್ಲಿ ತನ್ನನ್ನು ಹಿಂಸಿಸಿದರೆಂದು ಹೇಳಿ, ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗೆ ವ್ಯಾಜ್ಯ ಹೂಡಲು ಕಾಲವಿರಲಿಲ್ಲ.

ಯಂತ್ರ ಎಲ್ಲರನ್ನೂ ಸಮನಾಗಿ ನೋಡುತ್ತದೆ ಎಂದು ಓದಿದವರು ಹೇಳುತ್ತಾರೆ. ಇರಬಹುದು. ಆದರೆ ಫೋನು ಎತ್ತುವ ಕೈ ಯಾರ ಮುಂದೆ ಎತ್ತುತ್ತದೆ? ಕಾರಿನಲ್ಲಿ ಹೋಗುವವನ ಮುಂದೆಯೇ? ಅರ್ಧರಾತ್ರಿ ನಡೆದು ಹೋಗುವವನು, ಭಾಷೆ ತಡವರಿಸುವವನು, 'ಇವ ನಮ್ಮವ' ಎನ್ನಲು ಬೀದಿಯಲ್ಲಿ ಯಾರೂ ಇಲ್ಲದವನು, ಅವನ ಮುಂದೆ. 2012ರ ಫೆಬ್ರವರಿಯಲ್ಲಿ ವೇಳಚ್ಚೇರಿಯಲ್ಲಿ ಬ್ಯಾಂಕು ದರೋಡೆಯ ಗುಮಾನಿಯ ಮೇಲೆ ಐದು ಜನರನ್ನು ಪೋಲೀಸರು ಗುಂಡಿಟ್ಟು ಕೊಂದ ಮೇಲೆ, ಬಾಡಿಗೆಗಿರುವವರ ವಿವರಗಳನ್ನೆಲ್ಲ ಠಾಣೆಗೆ ಕೊಡಬೇಕೆಂಬ ಆಜ್ಞೆ ಹೊರಟಿತು. ಹೊರಗಿನಿಂದ ದುಡಿಯಲು ಬಂದವನು ಆಗಲೂ ಮೊದಲು ಪಟ್ಟಿಗೆ ಸೇರಿದ. ಇಂದು ನಮ್ಮ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುವ ಒಡಿಶಾ, ಅಸ್ಸಾಮಿನ ಹುಡುಗರ ಪಾಡೂ ಇದೇ. ಅವರು ನಮ್ಮ ಸಂಘದವರಲ್ಲವೆಂದು ನಾವು ಸುಮ್ಮನಿರಲಾಗದು.

ಪಟ್ಟಿಯ ಮಾತು ಈ ನಾಡಿಗೆ ಹಳೆಯದು. ಬ್ರಿಟಿಷರ ಕಾಲದಲ್ಲಿ 'ಅಪರಾಧಿ ಬುಡಕಟ್ಟು' ಎಂಬ ಕಾಯಿದೆಯಿತ್ತು. ಹುಟ್ಟಿದ ಜಾತಿಯಿಂದಲೇ ಮನುಷ್ಯ ಕಳ್ಳ. ಬೆರಳಚ್ಚು ಕೊಡಬೇಕು, ಠಾಣೆಗೆ ಹಾಜರಿ ಕೊಡಬೇಕು. ಮಧುರೆ ಜಿಲ್ಲೆಯ ಉಸಿಲಂಪಟ್ಟಿಯ ಹತ್ತಿರದ ಪೆರುಂಗಾಮನಲ್ಲೂರಿನ ಜನ ಬೆರಳು ಒತ್ತುವುದಿಲ್ಲವೆಂದು ನಿಂತರು. 1920ರ ಏಪ್ರಿಲ್ 3ರಂದು ಅವರ ಮೇಲೆ ಗುಂಡು ಹಾರಿತು. ಸತ್ತವರು 16 ಜನ, ಅವರಲ್ಲಿ ಒಬ್ಬ ಹೆಂಗಸು. ಮದರಾಸಿನಲ್ಲಿ ಆ ಕಾಯಿದೆ ರದ್ದಾದದ್ದು 1947ರಲ್ಲಿ, ದೇಶಕ್ಕೆಲ್ಲ 1952ರಲ್ಲಿ. ಅವರಿಗಾದರೂ ತಮ್ಮ ಬೆರಳನ್ನು ಮಸಿಗೆ ಅದ್ದುತ್ತಿದ್ದಾರೆಂಬುದು ತಿಳಿಯುತ್ತಿತ್ತು. ಬೇಡವೆನ್ನಲು ಒಂದು ಗಳಿಗೆಯಾದರೂ ಇತ್ತು. ಮುಖವನ್ನು ಕೇಳದೆಯೇ, ದೂರದಿಂದಲೇ, ನಡೆಯುವಾಗಲೇ ತೆಗೆದುಕೊಳ್ಳಬಹುದು.

ಹಾಗಾದರೆ ಕಾನೂನು ಏನೆನ್ನುತ್ತದೆ? ಇಲ್ಲಿ ಕನ್ನಡಿಗರೊಬ್ಬರ ಹೆಸರು ಹೇಳಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನ ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಅದಕ್ಕೆ ಸರ್ಕಾರ ಕೈಹಾಕಬೇಕಾದರೆ ಒಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಮೀರಿದ ಕ್ರಮ ಇರಬಾರದು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಮುಖ ಗುರುತಿಸುವುದಕ್ಕೆಂದೇ ಒಂದು ಕಾನೂನನ್ನು ಪಾರ್ಲಿಮೆಂಟು ಇನ್ನೂ ಮಾಡಿಲ್ಲ.

ಇರುವುದು 2022ರ ಕಾಯಿದೆ, ಅಪರಾಧಿಗಳ ಗುರುತಿನದು. ಬೆರಳು, ಕಣ್ಣಿನ ಪಾಪೆ, ಫೋಟೋ ಎಲ್ಲವನ್ನೂ ತೆಗೆದು 75 ವರ್ಷ ಇಟ್ಟುಕೊಳ್ಳಬಹುದು. ಕಠಿಣವಾದ ಕಾಯಿದೆಯೇ. ಆದರೂ ಅದು ಹೇಳುವುದು ಶಿಕ್ಷೆಯಾದವರು, ದಸ್ತಗಿರಿಯಾದವರು, ಮುಂಜಾಗ್ರತೆಗಾಗಿ ಬಂಧಿಸಲ್ಪಟ್ಟವರು, ಮ್ಯಾಜಿಸ್ಟ್ರೇಟರ ಆಜ್ಞೆಗೆ ಒಳಗಾದವರು ಇಂಥವರನ್ನು ಕುರಿತು. ಕೆಲಸ ಮುಗಿಸಿ ರೂಮಿಗೆ ಹೋಗುವ ಸಪ್ಲೈಯರ್ ಆ ಪಟ್ಟಿಯಲ್ಲಿಲ್ಲ. ಹಿಂದೆ ಶಿಕ್ಷೆಯಾಗದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ, ಕೋರ್ಟು ಬೇರೆ ಹೇಳದ ಹೊರತು ಅವನ ದಾಖಲೆಯನ್ನು ಅಳಿಸಬೇಕೆಂದೂ ಅದರಲ್ಲೇ ಇದೆ. ಹೈದರಾಬಾದಿನಲ್ಲಿ ಎಸ್. ಕ್ಯೂ. ಮಸೂದ್ ಎಂಬ ಸಮಾಜಸೇವಕರನ್ನು 2021ರ ಮೇ ತಿಂಗಳಲ್ಲಿ ಬೀದಿಯಲ್ಲಿ ತಡೆದು, ಮಾಸ್ಕು ತೆಗೆಯಲು ಹೇಳಿ ಫೋಟೋ ಹಿಡಿದರು. ಅವರು ಸುಮ್ಮನೆ ಮನೆಗೆ ಹೋಗಲಿಲ್ಲ, ಹೈಕೋರ್ಟಿಗೆ ಹೋದರು. 2022ರ ಜನವರಿಯಲ್ಲಿ ಕೋರ್ಟು ಸರ್ಕಾರಕ್ಕೆ ನೋಟೀಸು ಕೊಟ್ಟಿತು.

ಫೋಟೋ ಭದ್ರವಾಗಿದೆಯೇ ಎಂಬುದೂ ಪ್ರಶ್ನೆಯೇ. 2024ರ ಮೇ ತಿಂಗಳಲ್ಲಿ ನಮ್ಮ ತಮಿಳುನಾಡು ಪೋಲೀಸರ ಈ ಪೋರ್ಟಲಿನೊಳಗೇ ಕಳ್ಳರು ನುಗ್ಗಿದರು. ಒಂದು ಖಾತೆಯ ಪಾಸ್‌ವರ್ಡು ಪರರ ಪಾಲಾಗಿತ್ತೆಂದು ಇಲಾಖೆಯೂ ಒಪ್ಪಿತು. ರೂಮಿನ ಬೀಗದ ಕೈ ಕಳೆದರೆ ಹೊಸ ಬೀಗ ತರುತ್ತೇವೆ. ಮುಖವನ್ನು ಎಲ್ಲಿಂದ ತರುವುದು?

ಗಸ್ತಿನವರೊಡನೆ ಬೀದಿಯಲ್ಲಿ ವಾದಕ್ಕಿಳಿಯಿರಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಅರ್ಧರಾತ್ರಿಯಲ್ಲಿ ಒಬ್ಬನೇ ಇರುವವನಿಗೆ ಆ ಮಾತು ಹೇಳುವುದು ಸುಲಭ, ನಡೆಸುವುದು ಕಷ್ಟ. ಎಷ್ಟು ಗಂಟೆ, ಯಾವ ಬೀದಿ, ಏನು ಕೇಳಿದರು ಎಂಬುದನ್ನು ರೂಮಿಗೆ ಹೋದೊಡನೆ ಒಂದು ಚೀಟಿಯಲ್ಲಿ ಬರೆದಿಡಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಯಾವ ಕಾನೂನಿನ ಮೇರೆಗೆ ಬೀದಿಯಲ್ಲಿ ಫೋಟೋ ತೆಗೆಯುತ್ತೀರಿ, ಎಷ್ಟು ಕಾಲ ಇಡುತ್ತೀರಿ, ನೂರಕ್ಕೆ ಎಷ್ಟು ಹೋತರೆ ಹಿಡಿಯುತ್ತೀರಿ, ಅಳಿಸಲು ಯಾರಿಗೆ ಬರೆಯಬೇಕು, ಈ ನಾಲ್ಕನ್ನು ಕೇಳೋಣ. ಮೂವತ್ತು ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಅಪೀಲು ಉಂಟು.

ಬರುವ ಭಾನುವಾರ ಮಧ್ಯಾಹ್ನ ಮೂರೂವರೆಗೆ, ಊಟದ ಗಿರಾಕಿ ಮುಗಿದು ಟಿಫಿನ್ನಿನ ಗಿರಾಕಿ ಬರುವ ಮುಂಚೆ, ತಮಿಳು ಬರೆಯಬಲ್ಲ ಇಬ್ಬರು ಸದಸ್ಯರು ಸಂಘದ ಕಚೇರಿಯಲ್ಲಿ ಕುಳಿತಿರುತ್ತಾರೆ. ಮೊದಲು ಆ ಹುಡುಗನ ಅರ್ಜಿ ಬರೆಯುತ್ತೇವೆ. ಅವನ ಹತ್ತು ರೂಪಾಯಿಯನ್ನು ಸಂಘ ಕೊಡುತ್ತದೆ.